ಹುಳಿಪುಡಿಗೊಂದು ಆಫರ್

ಓದಿದವನ ದೊಡ್ಡ ಕಾಯಿಲೆ ಎಂದರೆ, ಯಾರೂ ಕೇಳದಿದ್ದರೂ ಐಡಿಯಾ ಕೊಡುವುದು. ಅದರಲ್ಲೂ ಮನೆತನಕ್ಕೆಲ್ಲ ಮೊದಲ ಪದವೀಧರನಾಗಿಬಿಟ್ಟರೆ ಆ ಕಾಯಿಲೆಗೆ ಮದ್ದೇ ಇಲ್ಲ. ನಾನು ಮೈಸೂರಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ ಬಿ.ಕಾಂ. ಮುಗಿಸಿದವನು. ನಮ್ಮಪ್ಪ ಇವತ್ತಿಗೂ ಊರಲ್ಲಿ ನನ್ನ ಹೆಸರು ಹೇಳುವಾಗ ಡಿಗ್ರಿಯನ್ನೂ ಸೇರಿಸಿಯೇ ಹೇಳುತ್ತಾರೆ. ಹೀಗಾಗಿ, ಇಲ್ಲಿ ಚೆನ್ನೈನ ಕೀಲ್ಪಾಕ್‌ನಲ್ಲಿ ನನ್ನ ಹೆಂಡತಿ ಸುಜಾತ ಹುಳಿಪುಡಿ ಮಾಡಿ ಮಾರುತ್ತೇನೆಂದು ಹೊರಟಾಗ ನನಗೆ ಸುಮ್ಮನಿರಲಾಗಲಿಲ್ಲ. "ಪುಡಿ ನಿನ್ನದು, ಆಫರ್ ನನ್ನದು. ಮಾರೋದು ಒಂದು ಶಾಸ್ತ್ರ ಕಣೇ, ನಾನು ಅದನ್ನ ಓದಿ ಪಾಸಾದವನು" ಎಂದುಬಿಟ್ಟೆ.

ಅವಳು ಅಷ್ಟರಲ್ಲಾಗಲೇ ಪುರಸೈವಾಕ್ಕಂಗೆ ಹೋಗಿ ಪುಡಿ ಮಾಡುವ ದೊಡ್ಡ ಮೆಷಿನ್ ತಂದಿದ್ದಳು. ತಿಂಗಳೊಳಗೆ ವ್ಯಾಪಾರ ಕುದುರದಿದ್ದರೆ ವಾಪಸ್ ತಗೊಳ್ಳುತ್ತೇನೆ ಎಂದು ಅಂಗಡಿಯವನು ಹೇಳಿದ್ದ. ಮದುವೆಯಾದ ಮೇಲೆ ಅವಳು ತನಗೆಂದು ಆಸೆಪಟ್ಟು ತಂದ ಮೊದಲ ವಸ್ತು ಅದು. ಹಸುಗೂಸಿನ ಹಾಗೆ ದಿನಾ ಒರೆಸಿ, ಬಟ್ಟೆ ಹೊದಿಸಿ ಇಡುತ್ತಿದ್ದಳು. ಅದು ಉಳಿಯುವುದೂ ಹೋಗುವುದೂ ನನ್ನ ಆಫರ್ ಮೇಲೆ ನಿಂತಿತ್ತು.

'ಮೂರು ಕೊಂಡರೆ ಒಂದು ಉಚಿತ' ಅಂತ ಬರೆದೆ. ಬನಿಯನ್ ಮಾರುವವರ ಹಾಗೆ ಕಂಡಿತು, ಅಳಿಸಿದೆ. ನನ್ನ ಇನ್ಶೂರೆನ್ಸ್ ಆಫೀಸಿನಲ್ಲಿ ಪಾಲಿಸಿ ಕಾಗದಗಳ ಮುಂದೆ ಕೂತೇ ಯೋಚಿಸಿದೆ. ಕೊನೆಗೆ ಹೊಳೆಯಿತು. ಅಪಾರ್ಟ್‌ಮೆಂಟಿನ ಎಲ್ಲರಿಗೂ ಸ್ಯಾಂಪಲ್ ಉಚಿತ, ಅದೂ ನಮ್ಮ ಸ್ಟೀಲ್ ಡಬ್ಬದಲ್ಲಿ! ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೊಟ್ಟರೆ ತಿಂದು ಮರೆಯುತ್ತಾರೆ. ಡಬ್ಬ ವಾಪಸ್ ಕೊಡಲು ಮಾತ್ರ ಬಾಗಿಲಿಗೆ ಬರಲೇಬೇಕು, ಬಂದಾಗ ಆರ್ಡರ್ ಹಿಡಿಯುವುದು. "ಡಬ್ಬ ಬೇಡ ರೀ" ಎಂದಳು ಸುಜಾತ. "ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದೆ.

ಜನ ಬಂದರು. ಡಬ್ಬವೂ ಬಂತು. ಆದರೆ ನಮ್ಮ ಕಡೆಯಾಗಲಿ ಈ ತಮಿಳರ ಕಡೆಯಾಗಲಿ, ಕೊಟ್ಟ ಡಬ್ಬವನ್ನು ಬರಿದಾಗಿ ಹಿಂತಿರುಗಿಸುವವರು ಯಾರಿದ್ದಾರೆ? ಒಂದರಲ್ಲಿ ಪರುಪ್ಪು ಪೊಡಿ ಎನ್ನುವ ಬೇಳೆಪುಡಿ, ಒಂದರಲ್ಲಿ ಕರಿಬೇವಿನ ಪುಡಿ, ಒಂದರಲ್ಲಿ ನಿಂಬೆ ಉಪ್ಪಿನಕಾಯಿ. ಅವರ ಡಬ್ಬಗಳೂ ಬಂದವು; ಅವನ್ನು ಬರಿದಾಗಿ ಕಳಿಸಲಾದೀತೆ? ಸುಜಾತ ಮತ್ತೆ ಹುಳಿಪುಡಿ ತುಂಬಿಸಿ ಕಳಿಸಿದಳು. ಒಂದೂ ಆರ್ಡರ್ ಇಲ್ಲ.

ಎದುರುಮನೆಯ ಕಾಮಾಕ್ಷಿ ಮಾಮಿಯನ್ನು ಲಿಫ್ಟಿನಲ್ಲಿ ಹಿಡಿದು, "ಪುಡಿ ಹೇಗಿತ್ತು ಮಾಮಿ? ಆರ್ಡರ್ ಏನಾದರೂ..." ಎಂದು ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಮಾಮಿ ಮುಖ ಸಣ್ಣದು ಮಾಡಿಕೊಂಡು, "ಎನ್ನ ಸಾರ್, ನಿಮಗೆ ಹೋಗಿ ನಾನು ಕಾಸು ಕೊಡೋದಾ? ನಾವೇನು ಬೇರೆಯವರಾ?" ಎಂದು ತಮಿಳಿನಲ್ಲೇ ತರಾಟೆಗೆ ತೆಗೆದುಕೊಂಡರು. ಮನೆಗೆ ಬಂದು ಹೇಳಿದರೆ ಸುಜಾತ, "ನೀವು ವ್ಯಾಪಾರ ಮಾಡ್ಲಿಲ್ಲ ರೀ, ಬಾಗಿನ ಹಂಚಿದ್ರಿ" ಎಂದು ಮೆಷಿನ್ನಿನ ಬಟ್ಟೆ ಸರಿ ಮಾಡುತ್ತ ಆ ಕಡೆ ತಿರುಗಿದಳು. ಬೈದಿದ್ದರೆ ವಾಸಿಯಿತ್ತು.

ತಿಂಗಳು ತುಂಬಿತು. ಮೆಷಿನ್ ಹೊತ್ತು ನಾನು ಆಟೋ ಹತ್ತಿರ ಬಂದಾಗ ಮಾಮಿ ಅಡ್ಡ ಬಂದರು. "ಇದನ್ನ ಯಾಕೆ ಕೊಡ್ತೀರಾ? ಮಿಲ್ಲಿಗೆ ನಡೆದರೆ ನನಗೆ ಮೊಣಕಾಲು ನೋವು. ನಮ್ಮ ಮೆಣಸಿನಕಾಯಿ ಸುಜಾತಾನೇ ಅರೆದುಕೊಡಲಿ."

"ಕೊಡ್ತಾಳೆ ಮಾಮಿ, ಆದರೆ ನಾವೇನು ಬೇರೆಯವರಾ..." ಎಂದು ನಾನು ಹಲ್ಲು ಕಿರಿದೆ.

"ಪೊಡಿ ಬೇರೆ, ಕೂಲಿ ಬೇರೆ! ಸುಜಾತಾ, ಕೂಲಿ ಬಿಡಬೇಡಮ್ಮಾ!" ಎಂದು ಮಾಮಿ ಮೇಲೆ ಬಾಲ್ಕನಿಯಲ್ಲಿ ನಿಂತಿದ್ದ ಅವಳಿಗೆ ಕೇಳುವ ಹಾಗೆ ಕೂಗಿದರು.

ಈಗ ನಮ್ಮ ಬಾಗಿಲಲ್ಲಿ ಮೆಣಸಿನಕಾಯಿ, ಧನಿಯಾ ಚೀಲಗಳ ಸಾಲು. ಮನೆಯೆಲ್ಲ ಘಾಟು. ಮೊನ್ನೆ ಸೀನುತ್ತಲೇ ನನಗೊಂದು ಯೋಚನೆ ಬಂತು. "ಸುಜಾತ, ಮೊದಲ ಸಲ ಅರೆಸೋರಿಗೆ ಉಚಿತ ಅಂತ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಹೇಗೆ?" ಎಂದು ಫೋನ್ ತೆಗೆದೆ. ಅವಳು ಫೋನ್ ಕಸಿದುಕೊಂಡು, ಕಲ್ಲಿನಂಥ ಅರಿಶಿನದ ಕೊಂಬಿನ ತಟ್ಟೆಯನ್ನೂ ಕುಟ್ಟುವ ಗುಂಡನ್ನೂ ನನ್ನ ಮುಂದಿಟ್ಟಳು.

"ನೀವು ಇದನ್ನ ಜಜ್ಜಿ, ಸಾಕು."