ನನ್ನ ಸೀಟಿಗೆ ಮಾವನ ಟ್ರಯಲ್

ನನ್ನ ಸೋದರಮಾವ ತನ್ನ ಮದುವೆಗೂ ಟ್ರಯಲ್ ನೋಡಿದವನು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು! ಮದುವೆಯ ಹಿಂದಿನ ದಿನ ಕಚ್ಚೆಪಂಚೆ, ಪೇಟದ ಸಮೇತ ಬಿಡದಿಯಿಂದ ಮಂಟಪಕ್ಕೆ ಎರಡು ಸಲ ನಡೆದು ಗಡಿಯಾರ ನೋಡಿಕೊಂಡನಂತೆ. ಆಮೇಲೆ ಕಾಶೀಯಾತ್ರೆಯ ಕೊಡೆಯನ್ನು ಬಿಚ್ಚಿದ, ಮುಚ್ಚಿದ, ಬಿಚ್ಚಿದ, ಮುಚ್ಚಿದ. ಏಳನೆಯ ಸಲಕ್ಕೆ ಕೊಡೆ ಮುರಿಯಿತು. "ಇವತ್ತೇ ಮುರೀತಲ್ಲ, ಒಳ್ಳೇದಾಯ್ತು. ನಾಳೆ ಮುರಿದಿದ್ರೆ ಏನು ಗತಿ?" ಎಂದನಂತೆ. ಅವನು ಸುಮ್ಮನಿದ್ದಿದ್ದರೆ ಅದು ಮುರಿಯುತ್ತಲೇ ಇರಲಿಲ್ಲ ಎಂದು ಅವನಿಗೆ ಹೇಳುವವರು ಯಾರು?

(ಹಿರಿಯರನ್ನು ಏಕವಚನದಲ್ಲಿ ಕರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ಸೋದರಮಾವನಿಗೆ ಬಹುವಚನ ಹಚ್ಚಿದರೆ ಅವನ ಜೊತೆ ಮಾತು ಬಿಟ್ಟಿದ್ದೇವೆ ಎಂದು ಅರ್ಥ.)

ಈ ರೋಗ ಅವನಿಗೆ ಅಂಟಿದ್ದು ನೌಕರಿಯಿಂದ. ತಮಿಳು ಸೀಮೆಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ರಿಪೇರಿಯಾದ ರೈಲು ಬೋಗಿಗಳನ್ನು ಪರೀಕ್ಷೆ ಮಾಡುವುದು ಅವನ ಕೆಲಸ. ಪ್ರಯಾಣಿಕರ ಬದಲು ಮರಳಿನ ಮೂಟೆ ಹೇರಿ, ಬೋಗಿಯನ್ನು ಓಡಿಸಿ, ಎಲ್ಲಿ ಕಿರುಗುಟ್ಟುತ್ತದೆ, ಎಲ್ಲಿ ಕುಲುಕುತ್ತದೆ ಎಂದು ಕಿವಿಗೊಟ್ಟು ಕೇಳಿ, ಕೊನೆಗೆ ಸೈನ್ ಹಾಕಬೇಕು. ಮೇಲಿನ ಸಾಹೇಬರು ಎಷ್ಟೇ ಅವಸರ ಮಾಡಿದರೂ ಫೇಲಾದ ಬೋಗಿಗೆ ಮಾವ ಸೈನ್ ಹಾಕಿದ್ದಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ದೊಡ್ಡ ಮನುಷ್ಯ ಎನ್ನಬಹುದಿತ್ತು. ಆದರೆ ಅವನು ದೀಪಾವಳಿಯ ಪಟಾಕಿಗೂ ಟ್ರಯಲ್ ನೋಡುತ್ತಿದ್ದ! ಒಂದೊಂದು ಡಬ್ಬದಿಂದ ನಾಲ್ಕು ನಾಲ್ಕು ಹೊಡೆದು, ಸದ್ದು ಕೇಳಿ, ತಲೆಯಾಡಿಸುತ್ತಿದ್ದ. ಹಬ್ಬದ ಹೊತ್ತಿಗೆ ಎಲ್ಲ ಪಟಾಕಿಯೂ ಚೆನ್ನಾಗಿದೆ ಎಂಬುದು ಖಾತ್ರಿಯಾಗಿರುತ್ತಿತ್ತು, ಪಟಾಕಿ ಮಾತ್ರ ಇರುತ್ತಿರಲಿಲ್ಲ.

ಇಂಥ ಮನುಷ್ಯನ ಕೈಗೆ ನನ್ನ ಭವಿಷ್ಯ ಸಿಕ್ಕಿಬಿದ್ದ ಕಥೆ ಇದು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಎಂಟನೇ ಕ್ಲಾಸು ಮುಗಿಸಿದ್ದೆ. ಎಗ್ಮೋರ್ ಕಡೆ ಒಂದು ಹೈಸ್ಕೂಲಿತ್ತು. ಎಂಟ್ರೆನ್ಸ್ ಪರೀಕ್ಷೆ ಬರೆಸಿ, ಇಡೀ ಊರಿನ ಜಾಣ ಮಕ್ಕಳನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ, ಒಂಬತ್ತನೇ ಕ್ಲಾಸಿಗೆ ಒಂದೇ ಒಂದು ಸೆಕ್ಷನ್ ಮಾಡುತ್ತಿದ್ದರು. ಟೀಚರ್ ಹೇಳಿದರೆಂದು ನಾನೂ ಸುಮ್ಮನೆ ಬರೆದಿದ್ದೆ. ಮೇ ತಿಂಗಳಲ್ಲಿ, ತಮಿಳರು ಕತ್ತರಿ ಎನ್ನುವ ಸುಡು ಬಿಸಿಲಿನಲ್ಲಿ ಪೋಸ್ಟ್‌ಮ್ಯಾನ್ ಕಾಗದ ತಂದ: ಸೀಟು ಸಿಕ್ಕಿದೆ, ಮುಂದಿನ ಶುಕ್ರವಾರದೊಳಗೆ ತಂದೆಯವರು ಸೈನ್ ಮಾಡಿದ ಫಾರಂ ಕೊಡಬೇಕು, ಇಲ್ಲದಿದ್ದರೆ ಸೀಟು ಕಾಯುತ್ತಿರುವ ಇನ್ನೊಬ್ಬರಿಗೆ.

ಮನೆಯಲ್ಲಿ ಸಂಭ್ರಮವೋ ಸಂಭ್ರಮ! ಅಪ್ಪ ಕಾಗದವನ್ನು ನಾಲ್ಕು ಸಲ ಓದಿದರು. ಅಮ್ಮ ದೇವರ ಮುಂದೆ ಇಟ್ಟಳು, ಇಟ್ಟು ಬಂದವಳೇ "ಅಷ್ಟು ದೂರ ಹೆಣ್ಣು ಮಗು ಒಂಟಿಯಾಗಿ ಬಸ್ಸಲ್ಲಿ ಹೋಗೋದಾ? ಬೇಡಪ್ಪ" ಎಂದಳು. ನನಗೋ, ಹೋಗಲೋ ಬೇಡವೋ ಎಂಬ ಗೊಂದಲ. ಆಗ ನಾನಿದ್ದ ಸ್ಕೂಲು ಮಾವನ ಮನೆಯಿಂದ ಎರಡೇ ಬೀದಿ. ಅಲ್ಲಿ ನಾನೇ ಫಸ್ಟು. ಸ್ಕೂಲು ಬಿಟ್ಟ ಮೇಲೆ ಮಾವನ ಮನೆ, ಅತ್ತೆ ಕೊಡುವ ತಿಂಡಿ. ನಾಲ್ಕು ಗಂಟೆಗೆ ಮಾವ ಡ್ಯೂಟಿಯಿಂದ ಬಂದು ಜಗಲಿಯಲ್ಲಿ ಕೂತರೆ, ಬೆಂಗಳೂರು ರೈಲಿನಲ್ಲಿ ಬರುವ ಕನ್ನಡ ವಾರಪತ್ರಿಕೆಯನ್ನು ನಾನು ಗಟ್ಟಿಯಾಗಿ ಓದಬೇಕು, ಅವನು ತಪ್ಪು ತಿದ್ದಬೇಕು. ರಜೆಯಲ್ಲೂ ಇದು ತಪ್ಪುತ್ತಿರಲಿಲ್ಲ. ತಮಿಳು, ಇಂಗ್ಲಿಷ್ ಕಲಿತು ಬೆಳೆದ ನಾನು ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದರೆ ಆ ಜಗಲಿಯೇ ಕಾರಣ. ಹೊಸ ಸ್ಕೂಲಿಗೆ ಸೇರಿದರೆ ಮನೆಗೆ ಬರುವುದೇ ಆರು ಗಂಟೆ.

"ಹೋಗಬೇಕೋ ಬೇಡವೋ, ನೀವೇ ಹೇಳಿ ಭಾವ" ಎಂದರು ಅಪ್ಪ. ಅಪ್ಪನಿಗೆ ಮಾವನ ಹುಚ್ಚಿನ ಮೇಲೆ ನಗು, ಮಾವನ ಸೈನಿನ ಮೇಲೆ ಮಾತ್ರ ಅಪಾರ ಭಕ್ತಿ.

"ಟ್ರಯಲ್ ನೋಡ್ದೆ ಹೆಂಗೆ ಹೇಳೋದು? ನಾನು ಪಾಸ್ ಅನ್ನೋವರೆಗೂ ಸೈನ್ ಹಾಕ್ಬೇಡಿ" ಎಂದ ಮಾವ, ಮರುದಿನವೇ ರಜೆ ಹಾಕಿದ. ಟೈಫಾಯ್ಡ್ ಬಂದಾಗಲೂ ಎರಡೇ ದಿನ ರಜೆ ಹಾಕಿದ್ದ ಮಹಾನುಭಾವ!

ಮೊದಲನೆಯದು ಬಸ್ ಟ್ರಯಲ್. ಬೆಳಿಗ್ಗೆ ಏಳಕ್ಕೆ ಮಾವ ನಮ್ಮ ಮನೆಗೆ ಬಂದು ನನ್ನ ಸ್ಕೂಲ್ ಬ್ಯಾಗಿಗೆ ಏಳು ಕಿಲೋ ಕುಸುಬಲಕ್ಕಿ ಸುರಿದ.

"ಅಣ್ಣ, ಪುಸ್ತಕ ಹಾಕ್ಬಾರದಾ?" ಎಂದಳು ಅಮ್ಮ.

"ಆ ಸ್ಕೂಲಿನ ಪುಸ್ತಕ ಎಲ್ಲಿ ಬಂದಿದೆ? ಇರೋ ಪುಸ್ತಕ ಹಾಕಿದ್ರೆ ಇರೋ ಸ್ಕೂಲಿನ ತೂಕ ಬರತ್ತೆ."

ಈ ತರ್ಕಕ್ಕೆ ಉತ್ತರ ಇದ್ದರೆ ನೀವೇ ಹೇಳಿ. ಬ್ಯಾಗನ್ನು ತಾನೇ ಹೆಗಲಿಗೇರಿಸಿ, ಕಿಕ್ಕಿರಿದ ಬಸ್ಸಿನಲ್ಲಿ ಮಾವ ನಿಂತ. ನಾನು ಇವನು ಯಾರೋ ಎಂಬಂತೆ ಮೂರು ಸೀಟು ಮುಂದೆ ನಿಂತೆ. (ಮಾತೆಲ್ಲ ತಮಿಳಿನಲ್ಲಿ ನಡೆಯಿತು, ನಿಮಗೋಸ್ಕರ ಕನ್ನಡಕ್ಕೆ ತಂದಿದ್ದೇನೆ.)

"ಏನ್ ಸಾರ್, ರೇಷನ್ ಅಂಗಡಿಯಿಂದಲಾ?" ಎಂದ ಕಂಡಕ್ಟರ್.

"ಇಲ್ಲಪ್ಪ, ಸ್ಕೂಲಿಗೆ."

"ಯಾವ ಕ್ಲಾಸು?"

"ಒಂಬತ್ತು."

ಕಂಡಕ್ಟರ್ ಮಾವನ ಬೊಕ್ಕತಲೆಯನ್ನೊಮ್ಮೆ ನೋಡಿ, "ಚೆನ್ನಾಗಿ ಓದಿ ಸಾರ್" ಎಂದು ಟಿಕೆಟ್ ಹರಿದುಕೊಟ್ಟ. ಪುರಸವಾಕ್ಕಂ ಹತ್ತಿರ ಡ್ರೈವರ್ ಬ್ರೇಕ್ ಹಾಕಿದ್ದೇ ತಡ, ಬ್ಯಾಗಿನ ಜಿಪ್ಪು ಬಿಟ್ಟು ಅಕ್ಕಿಯೆಲ್ಲ ಬಸ್ಸಿನ ತುಂಬ! ಹೂವಿನ ಬುಟ್ಟಿಯ ಹೆಂಗಸರು, ಆಫೀಸಿಗೆ ಹೋಗುವವರು, ಎಲ್ಲ ಬಗ್ಗಿ ಅಕ್ಕಿ ಬಾಚುತ್ತಿದ್ದರೆ, ಮಾವ ಮಾತ್ರ ಖಾಲಿ ಬ್ಯಾಗನ್ನು ಮೇಲೆತ್ತಿ ಹಿಡಿದು ನನ್ನ ಕಡೆ ತಿರುಗಿ, "ಪುಟ್ಟಿ, ಬಸ್ಸು ಪಾಸು, ಬ್ಯಾಗು ಫೇಲು. ಹೊಸದು ತಗೋಬೇಕು" ಎಂದು ಕೂಗಿದ. ಪರಿಚಯವಿಲ್ಲದವಳ ಹಾಗೆ ನಿಂತ ನನ್ನ ನಾಟಕ ಅಲ್ಲಿಗೆ ಮುಗಿಯಿತು.

ಎರಡನೆಯದು ಸ್ಕೂಲಿನ ಟ್ರಯಲ್. ರಜೆಯಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದ ವಾಚ್‌ಮ್ಯಾನ್, ಅರ್ಧ ಗಂಟೆಯಲ್ಲಿ ತನ್ನ ಅಳಿಯನಿಗೆ ವರ್ಕ್‌ಶಾಪಿನಲ್ಲಿ ಕೆಲಸ ಸಿಗಬಹುದಾ ಎಂದು ಕೇಳುವಷ್ಟು ಹತ್ತಿರದವನಾದ. ಮಾವ ನಲ್ಲಿಯ ನೀರು ಕುಡಿದ. ಫ್ಯಾನ್ ಹಾಕಿಸಿ ಕಣ್ಣು ಮುಚ್ಚಿ ಅದರ ಸದ್ದು ಕೇಳಿದ. "ಬೇರಿಂಗ್ ಹೋಗಿದೆ" ಎಂದ. ನನ್ನನ್ನು ಮೊದಲ ಬೆಂಚಿನಲ್ಲಿ ಕೂರಿಸಿ, ತಾನು ಕೊನೆಯ ಬೆಂಚಿನಲ್ಲಿ ತೂರಿಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಿಸ್ಟ್ರೆಸ್!

"ಯಾರು ನೀವು? ಏನು ಮಾಡ್ತಿದ್ದೀರಿ?"

"ಇವಳ ಮಾವ, ಮೇಡಂ. ಇಲ್ಲಿಂದ ಬೋರ್ಡ್ ಕಾಣತ್ತೋ ಇಲ್ವೋ ಅಂತ ನೋಡ್ತಿದ್ದೆ."

"ಕಾಣುತ್ತಾ?"

"ಬೋರ್ಡ್ ಚೆನ್ನಾಗಿ ಕಾಣತ್ತೆ ಮೇಡಂ. ನನಗೆ ಏಳಕ್ಕಾಗ್ತಿಲ್ಲ."

ಮಂಡಿ ಡೆಸ್ಕಿಗೆ ಸಿಕ್ಕಿಕೊಂಡಿತ್ತು. ವಾಚ್‌ಮ್ಯಾನ್ ಒಂದು ಕೈ, ನಾನೊಂದು ಕೈ ಹಿಡಿದು ಎಳೆದೆವು. ಹೆಡ್‌ಮಿಸ್ಟ್ರೆಸ್ ನಗು ತಡೆದುಕೊಂಡು ನನ್ನನ್ನು ಕೇಳಿದರು, "ಸೇರೋದು ನೀನೊಬ್ಬಳೇ ತಾನೆ?" ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಆ ಉದ್ದನೆಯ ಕಾರಿಡಾರು, ಗಾಜಿನ ಬೀರುಗಳ ಲ್ಯಾಬು, ಗೋಡೆಯುದ್ದಕ್ಕೂ ಪುಸ್ತಕವಿದ್ದ ಲೈಬ್ರರಿ ನೋಡಿ ನನಗೆ ಹೊರಡಲು ಮನಸ್ಸೇ ಬಂದಿರಲಿಲ್ಲ. ಬೇಕು, ಇದು ನನಗೆ ಬೇಕು ಎಂದು ಆಸೆಯಾಗಿಬಿಟ್ಟಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ನಿಜವಾದ ಭಯವನ್ನು ಬಾಯಿಬಿಟ್ಟೆ.

"ಮಾವ, ಅಲ್ಲಿ ಎಲ್ಲರೂ ಫಸ್ಟ್ ಬಂದೋರೇ. ನಾನು ಲಾಸ್ಟ್ ಬಂದ್ಬಿಟ್ರೆ?"

ಮಾವ ನಗಲಿಲ್ಲ. "ಅದಕ್ಕೂ ಒಂದು ಟ್ರಯಲ್ ನೋಡ್ಬೇಕು" ಎಂದ.

ಮಂಗಳವಾರ ಬೆಳಿಗ್ಗೆ ಮಾವನ ಜಗಲಿಯಲ್ಲಿ ನನಗಾಗಿ ಪರೀಕ್ಷೆ ಕಾದಿತ್ತು. ಅವನ ಕ್ವಾರ್ಟರ್ಸಿನ ಮೂವರು ಹುಡುಗಿಯರನ್ನು ಕರೆಸಿದ್ದ, ಮೂವರೂ ಹನ್ನೊಂದು, ಹನ್ನೆರಡನೇ ಕ್ಲಾಸಿನವರು. ಲೆಕ್ಕಗಳೂ ಅವರ ಪುಸ್ತಕದವೇ. ಎರಡು ಗಂಟೆ ಬರೆಸಿ, ಕೆಂಪು ಪೆನ್ಸಿಲಿನಲ್ಲಿ ತಿದ್ದಿ, ಎದ್ದು ನಿಂತು ರಿಸಲ್ಟ್ ಓದಿದ. ನನಗೆ ಐವತ್ತಕ್ಕೆ ಆರು. ಹುಟ್ಟಿದ ಮೇಲೆ ಮೊದಲನೆಯ ಸಲ ನಾನು ಲಾಸ್ಟ್!

ಅಳು ಬಂತು. ಅತ್ತೆ ಎಲ್ಲರಿಗೂ ಕೇಸರಿಬಾತ್ ಕೊಟ್ಟಳು, ನಾನು ಬೇಡವೆಂದು ತಟ್ಟೆ ತಳ್ಳಿದೆ. ಆದರೆ ಮೂರನೆಯ ಲೆಕ್ಕ ತಲೆಯಲ್ಲಿ ಕೊರೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ತಡೆಯಲಾರದೆ, ಫಸ್ಟ್ ಬಂದ ಹುಡುಗಿಯ ಪಕ್ಕ ಹೋಗಿ ಕೂತು "ಅಕ್ಕಾ, ಅದು ಹೆಂಗೆ ಮಾಡಿದ್ರಿ?" ಎಂದೆ. ಅವಳು ಬಿಡಿಸಿ ತೋರಿಸಿದಳು. ಅಯ್ಯೋ, ಗೊತ್ತಿಲ್ಲದ ಲೆಕ್ಕ ಇಷ್ಟು ರುಚಿಯಾಗಿರುತ್ತದೆಂದು ನನಗೆ ಯಾರೂ ಹೇಳಿಯೇ ಇರಲಿಲ್ಲ! ಎಲ್ಲವೂ ಗೊತ್ತಿದ್ದ ನನ್ನ ಹಳೆಯ ಕ್ಲಾಸಿನಲ್ಲಿ ನಾನು ಇಷ್ಟು ದಿನ ತೂಕಡಿಸುತ್ತಿದ್ದೆ ಅಷ್ಟೆ. ಆ ಗಡಿಬಿಡಿಯಲ್ಲಿ ಕೈ ತಾನಾಗಿ ತಟ್ಟೆಗೆ ಹೋಗಿತ್ತು, ತಟ್ಟೆ ಖಾಲಿಯಾಗಿ ಇನ್ನೊಂದು ಸಲ ಹಾಕಿಸಿಕೊಂಡೂ ಆಗಿತ್ತು.

ಮಾವ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದ. "ಲೇ, ನೋಡೇ ಇಲ್ಲಿ" ಎಂದು ಅತ್ತೆಯನ್ನು ಕರೆದ. "ಲಾಸ್ಟ್ ಬಂದೋಳು ಕೇಸರಿಬಾತ್ ಎರಡನೇ ಸಲ ಹಾಕಿಸ್ಕೊಂಡ್ಲು. ಓವರ್‌ಲೋಡ್ ಟ್ರಯಲ್ ಪಾಸ್."

ಗುರುವಾರ ಬೆಳಿಗ್ಗೆ ಬಂದು ಅಪ್ಪನ ಮುಂದೆ ನಿಂತ. "ಎಲ್ಲಾ ಟ್ರಯಲ್ಲೂ ಪಾಸು. ಸೈನ್ ಹಾಕಿ" ಎಂದವನೇ ಕಾಫಿಯನ್ನೂ ಕುಡಿಯದೆ ಹೊರಟ.

ಶುಕ್ರವಾರ ಅಪ್ಪ ಫಾರಂ ಕೊಟ್ಟು ಬಂದರು. ನಾನು ಮೈಸೂರುಪಾಕಿನ ಪೊಟ್ಟಣ ಹಿಡಿದುಕೊಂಡು ಮಾವನ ಮನೆಗೆ ಒಂದೇ ಓಟ. ಅವನು ರಜೆ ಮುಗಿಸಿ ಡ್ಯೂಟಿಗೆ ಹೋಗಿದ್ದ. ಅತ್ತೆ ಒಬ್ಬಳೇ ಇದ್ದಳು. ನನ್ನ ಕುಣಿತವನ್ನೆಲ್ಲ ನೋಡಿ, ಗಲ್ಲ ಸವರಿ, ಕೂರಿಸಿಕೊಂಡಳು.

"ನಿಮ್ಮ ಮಾವ ಇನ್ನೊಂದು ಟ್ರಯಲ್ ನೋಡಿದ್ರು ಕಣೆ. ನಿಂಗೆ ಹೇಳ್ಬೇಡ ಅಂದಿದಾರೆ."

"ಯಾವುದು?"

"ಬುಧವಾರ ನೀನು ಅಮ್ಮನ ಜೊತೆ ಬಟ್ಟೆ ತರಕ್ಕೆ ಹೋಗಿದ್ಯಲ್ಲ, ಅವತ್ತು. ನಾಲ್ಕು ಗಂಟೆಗೆ ಸರಿಯಾಗಿ ಜಗಲೀಲಿ ಕೂತ್ರು. ಜೂನಿಂದ ದಿನಾ ಹಿಂಗೇ ತಾನೆ, ಹೆಂಗಿರತ್ತೋ ನೋಡ್ತೀನಿ, ನೀನು ಮಾತಾಡಿಸ್ಬೇಡ ಅಂದ್ರು. ಪತ್ರಿಕೆ ತೆಗೆದು ಒಂದು ಪುಟ ತಾವೇ ಜೋರಾಗಿ ಓದಿದ್ರು. ಆಮೇಲೆ ಮಡಚಿಟ್ಟು ಬೀದಿ ನೋಡ್ತಾ ಕೂತ್ರು. ಕಾಫಿ ಆರಿಹೋಯ್ತು, ಮುಟ್ಟಲಿಲ್ಲ."

"ಹೆಂಗಿತ್ತಂತೆ?"

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಫೇಲ್ ಆಯ್ತು ಕಣೆ, ನನ್ನ ಕೈಲಾಗಲ್ಲ ಅಂದ್ರು. ಹಂಗಂತ ನಾಳೆ ಹೋಗಿ ಹೇಳಿಬಿಡಿ ಅಂದೆ. ಸುಮ್ನಿರು, ಫೇಲಾಗಿರೋದು ನಾನು, ಅವಳಲ್ಲ ಅಂದ್ರು."

ಮಕ್ಕಳಿಲ್ಲದ ಆ ಮನೆಗೆ ನಾಲ್ಕು ಗಂಟೆ ಎಂದರೆ ನಾನು ಎಂದು ನನಗೆ ಅಲ್ಲಿಯವರೆಗೆ ತೋಚಿಯೇ ಇರಲಿಲ್ಲ. ಇಡೀ ಸರ್ವೀಸಿನಲ್ಲಿ ಯಾರ ಮಾತಿಗೂ ಬಗ್ಗದ ನನ್ನ ಮಾವ, ಫೇಲಾದದ್ದನ್ನು ಪಾಸು ಎಂದು ಹೇಳಿದ್ದು ಅದೊಂದೇ ಸಲ.

ನಾಲ್ಕು ಗಂಟೆಗೆ ಸೈಕಲ್ ನಿಲ್ಲಿಸಿ ಬಂದ ಮಾವ ನನ್ನ ಮುಖ ನೋಡಿ ಗಾಬರಿಯಾದ. "ಏನಾಯ್ತು ಪುಟ್ಟಿ, ಫಾರಂ ತಗೊಂಡ್ರಾ?"

"ತಗೊಂಡ್ರು ಮಾವ."

"ಮತ್ಯಾಕೆ ಅಳ್ತಿದೀಯ?"

ನಾನು ಪತ್ರಿಕೆ ತೆಗೆದು, ಅವನು ನಿಲ್ಲಿಸಿದ್ದ ಪುಟದಿಂದ ಗಟ್ಟಿಯಾಗಿ ಓದತೊಡಗಿದೆ. ಕಣ್ಣು ಮಂಜಾಗಿ ಸಾಲಿಗೊಂದು ತಪ್ಪು. ಮಾವ ಅವತ್ತು ಒಂದನ್ನೂ ತಿದ್ದಲಿಲ್ಲ.