ಸಿಟ್ಟಿಗೊಂದು ಚೊಂಬು ನೀರು

ನೀರು ಕಂಡರೆ ಮನುಷ್ಯ ಯಾಕೆ ಮೆತ್ತಗಾಗುತ್ತಾನೆ ಎಂದು ತಿಳಿಯುವ ಹುಚ್ಚು ನನಗೆ ಹಿಡಿದದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಈ ಪ್ರಶ್ನೆ ಬರುವುದಾದರೂ ಹೇಗೆ? ಕುಂದಾಪುರದ ಹತ್ತಿರ ನಮ್ಮ ಮನೆಯ ಹಿಂದೆಯೇ ಸಮುದ್ರವಿತ್ತು. ನಾವ್ಯಾರೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಅದರ ಗದ್ದಲಕ್ಕೆ ರೇಡಿಯೋ ಕೇಳಿಸುವುದಿಲ್ಲವೆಂದು ಅಪ್ಪ ಕಿಟಕಿ ಮುಚ್ಚುತ್ತಿದ್ದರು. ವಿಮಾ ಕಚೇರಿಯ ನೌಕರಿ ನನ್ನನ್ನು ಅಹಮದಾಬಾದಿಗೆ ತಂದು ಹಾಕಿದ ಮೇಲೆ, ಮಣಿನಗರದ ಮನೆಯಿಂದ ಬೋಡಕ್‌ದೇವಿನ ಆಫೀಸಿಗೆ ದಿನಾ ಬಸ್ಸಿನಲ್ಲಿ ನೇತಾಡುತ್ತ ಹೋಗುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಾಬರಮತಿಯ ಸೇತುವೆ ಬಂದ ಕೂಡಲೇ ಇಡೀ ಬಸ್ಸು ಫೋನಿನಿಂದ ಕಣ್ಣೆತ್ತಿ ನದಿಯನ್ನು ನೋಡುತ್ತದೆ. ಕಾಲು ತುಳಿದವರ ಮೇಲಿನ ಜಗಳವೂ ಅಷ್ಟು ಹೊತ್ತು ನಿಲ್ಲುತ್ತದೆ. ಸೇತುವೆ ಮುಗಿದದ್ದೇ ತಡ, ಬಿಟ್ಟಲ್ಲಿಂದ ಶುರು. ಈ ಮಹಾಶೋಧವನ್ನು ಹೆಂಡತಿ ಶಾರದೆಗೆ ಹೇಳಿದೆ. "ನೀರು ಕಂಡ್ರೆ ನಿಲ್ಲುದು ಎಮ್ಮೆ ಮಾತ್ರ ಅಂತ ಮಾಡಿದ್ದೆ ಮಾರಾಯ್ರೆ" ಎಂದು ಆಕೆ ಒಗ್ಗರಣೆಗೆ ಸಾಸಿವೆ ಹಾಕಿದಳು.

ನಾನು ಸ್ವಭಾವತಃ ಶಾಂತ ಮನುಷ್ಯ. ಬಹುಶಃ ಅದಕ್ಕೇ ಆಫೀಸಿನಲ್ಲಿ ದೂರುಗಳ ಮೇಜು ನನ್ನ ಪಾಲಿಗೆ ಬಂದಿದೆ. ಅಲ್ಲಿಗೆ ನಗುತ್ತ ಬರುವವರು ಯಾರೂ ಇಲ್ಲ. ಬಾಗಿಲಿನಿಂದಲೇ ಬೈಯುತ್ತ ಬರುವವರನ್ನು ನನ್ನ ತನಕ ಜೀವಂತ ತಲುಪಿಸುವವರು, ನಿಜವಾಗಿ ಹೇಳಬೇಕೆಂದರೆ ನನ್ನನ್ನು ಜೀವಂತ ಉಳಿಸುವವರು, ನಮ್ಮ ಪ್ಯೂನ್ ರಮಣಭಾಯಿ. ಮಡಕೆಯ ನೀರನ್ನು ತಾಮ್ರದ ಚೊಂಬಿಗೆ ತುಂಬಿ ಬಂದವರ ಕೈಗಿಡುತ್ತಾರೆ. ಎಲ್ಲರಿಗೂ ಅದೇ ಚೊಂಬಾದ್ದರಿಂದ ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು. ಕುಡಿದು ಮುಗಿಸಿದವರು ಕುರ್ಚಿಯಲ್ಲಿ ಕೂತು, "ಏನಿಲ್ಲ ಸಾಹೇಬ್, ಒಂದು ಸಣ್ಣ ವಿಷಯ" ಎನ್ನುತ್ತಾರೆ. ಆ ಚೊಂಬು ಪ್ರತಿದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವುದು ನನಗೆ. ಮ್ಯಾನೇಜರಿಗೂ ಇಲ್ಲದ ಈ ಮರ್ಯಾದೆಯನ್ನು ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳಿಕೊಂಡಿದ್ದೇನೆ.

ಹೀಗಿರುವಾಗ ರಮಣಭಾಯಿ ಮಗಳ ಮದುವೆಗೆಂದು ವಾರ ರಜೆ ಹಾಕಿ ವಡೋದರಾಕ್ಕೆ ಹೊರಟರು. ಆ ವಾರವೇ ಸೂರತ್ತಿನಿಂದ ಜಿಗ್ನೇಶಭಾಯಿ ಎಂಬ ಸೀರೆ ವ್ಯಾಪಾರಿ ಬರುವವರಿದ್ದರು. ಅವರ ಗೋದಾಮಿನ ಕಾಗದಪತ್ರಗಳನ್ನು ನಾವು ಎರಡು ಸಲ ಕಳೆದುಹಾಕಿದ್ದೆವು. ಈ ಸಲ ಅವರು ರೇಗಿ ಮೇಲಕ್ಕೆ ಬರೆದರೆ ನನ್ನ ಮೇಜು ಯಾವ ಊರಿಗೆ ಹೋಗುತ್ತದೋ ಹೇಳಲಾಗದು. ಆದರೆ ನೀರಿನ ಗುಟ್ಟು ತಿಳಿದವನು ನಾನಲ್ಲವೇ? ಮೇಜಿನ ಮೇಲಿಡುವ ಪುಟ್ಟ ಕರೆಂಟಿನ ಕಾರಂಜಿಯೊಂದನ್ನು ತಂದೆ. ಗೋಡೆಗೆ ಸಮುದ್ರದ ಚಿತ್ರ ಅಂಟಿಸಿದೆ. ಸಾಲಾಗಿ ನೀರಿನ ಬಾಟಲಿ ಜೋಡಿಸಿದೆ.

ಕಾರಂಜಿ ಜುಳುಜುಳು ಎನ್ನತೊಡಗಿದ ಐದು ನಿಮಿಷಕ್ಕೆ ಮೊದಲ ಗಿರಾಕಿ ಎದ್ದು ಬಾತ್‌ರೂಮ್ ಎಲ್ಲಿದೆ ಎಂದು ಕೇಳಿದರು. ಎರಡನೆಯವರೂ ಅದನ್ನೇ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ನನಗೂ ತಡೆಯಲಾಗಲಿಲ್ಲ. ನಾನು ವಾಪಸು ಬರುವಾಗ ಜಿಗ್ನೇಶಭಾಯಿ ನನ್ನ ಖಾಲಿ ಕುರ್ಚಿಯ ಎದುರು ನಿಂತಿದ್ದರು. ಬಾಟಲಿ ಕೊಟ್ಟೆ. ಅವರು ಅದನ್ನು ತೆರೆಯದೆ, ಗದೆಯ ಹಾಗೆ ಬೀಸುತ್ತ ಅರ್ಧ ಗಂಟೆ ಮಾತಾಡಿದರು. ಸೋಮವಾರ ಮತ್ತೆ ಬರುತ್ತೇನೆ, ಕೆಲಸವಾಗದಿದ್ದರೆ ದೆಹಲಿಗೆ ಬರೆಯುತ್ತೇನೆ ಎಂದು ಹೋದರು.

ಸೋಮವಾರ ರಮಣಭಾಯಿ ಮದುವೆಯ ಲಾಡು ಹಿಡಿದು ಬಂದಿದ್ದರು. ಜಿಗ್ನೇಶಭಾಯಿ ಒಳಗೆ ಕಾಲಿಟ್ಟ ಕೂಡಲೇ ಚೊಂಬು ಅವರ ಕೈಯಲ್ಲಿತ್ತು. ಕತ್ತೆತ್ತಿ ಗಟಗಟ ಕುಡಿದರು. ಕೂತರು. ಕಾಗದಗಳು ಸಿಕ್ಕಿದ್ದವು, ಸಹಿಯಾಯಿತು. ಹೋಗುವಾಗ ಲಾಡು ತಿಂದು, ಮಗಳ ಮದುವೆ ಹೇಗಾಯಿತೆಂದು ರಮಣಭಾಯಿಯನ್ನು ವಿಚಾರಿಸಿಯೂ ಹೋದರು. ನನಗೆ ಅಳು ಬರುವಷ್ಟು ಹಗುರವಾಯಿತು.

"ನಿಮ್ಮ ನೀರಿನಲ್ಲಿ ಏನಿದೆ ರಮಣಭಾಯಿ?" ಎಂದು ಕೇಳಿದೆ.

ಅವರು ಹಿಂದಿ ಬೆರೆಸಿದ ಗುಜರಾತಿಯಲ್ಲಿ ಹೇಳಿದ್ದಿಷ್ಟು: "ಏನೂ ಇಲ್ಲ ಸಾಹೇಬ್, ಊರಿಗೆಲ್ಲ ನಲ್ಲಿಯಲ್ಲಿ ಬರುವ ನರ್ಮದಾ ನೀರು. ಎತ್ತಿ ಕುಡಿಯುವಾಗ ಬಾಯಿ ಬೈಯಲಾರದು, ಕಣ್ಣು ಫ್ಯಾನು ನೋಡುತ್ತದೆ. ಚೊಂಬು ವಾಪಸು ಇಸಕೊಳ್ಳಲು ನಾನು ನಿಂತೇ ಇರುತ್ತೇನೆ. ಯಾರೋ ತನಗಾಗಿ ನಿಂತಿದ್ದಾರೆ ಅಂದರೆ ಮನುಷ್ಯ ತಣ್ಣಗಾಗುತ್ತಾನೆ. ಎಲ್ಲರಿಗೂ ಕೊಡುವುದಿಲ್ಲ. ಬಾಗಿಲಲ್ಲೇ ಮುಖ ನೋಡುತ್ತೇನೆ, ಸಿಟ್ಟಿದ್ದವರಿಗೆ ಮಾತ್ರ."

"ಹಾಗಾದರೆ ಬೆಳಿಗ್ಗೆ ಮೊದಲು ನನಗೆ ಯಾಕೆ?"

ರಮಣಭಾಯಿ ನೆಲ ನೋಡಿದರು. "ಬೇರೆಯವರು ಸಿಟ್ಟಾಗಿ ಬರುವುದು ಯಾವಾಗಲೋ ಒಮ್ಮೆ ಸಾಹೇಬ್. ನೀವು ದಿನಾ ಬರುತ್ತೀರಿ."

ನಾನು! ದಿನಾ! ಇವರಿಗೆ ನಾಲ್ಕು ಮಾತು ಹೇಳಲೇಬೇಕೆಂದು ಕುರ್ಚಿಯಿಂದ ಎದ್ದೆ. ಬಾಯಿ ತೆರೆಯುವಷ್ಟರಲ್ಲಿ ಚೊಂಬು ಕೈಯಲ್ಲಿತ್ತು, ರಮಣಭಾಯಿ ಪಕ್ಕದಲ್ಲಿ ನಿಂತಿದ್ದರು. ಎತ್ತಿ ಕುಡಿದೆ. ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ಧೂಳು ಕೂತಿತ್ತು. ಚೊಂಬು ವಾಪಸು ಕೊಡುವಾಗ, ಹೇಳಬೇಕೆಂದಿದ್ದ ಆ ನಾಲ್ಕು ಮಾತುಗಳು ಯಾವುವೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.