ಮಾವನ ಸ್ಟೇಷನ್ನಿನ ಇನ್ನೊಂದರ್ಧ

ಈ ಸಲ ಮಾವನ ಬಾಯಿಂದ ಭೇಷ್ ಅನ್ನಿಸಿಯೇ ತೀರುತ್ತೇನೆ ಎಂದು ಊಟದ ಮೇಜಿನ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದೆ. ಮದುವೆಯಾಗಿ ಹನ್ನೊಂದು ವರ್ಷ. ಇಷ್ಟು ಕಾಲದಲ್ಲಿ ಅವರು ನನ್ನನ್ನು ಹೊಗಳಿದ್ದು ಒಂದೇ ಸಲ, ಅದೂ ಬಾಗಿಲನ್ನು ಸದ್ದಾಗದಂತೆ ಹಾಕಿದ್ದಕ್ಕೆ!

ಮಾವ ನಿವೃತ್ತ ಸ್ಟೇಷನ್ ಮಾಸ್ಟರ್. ಮೂವತ್ತೊಂದು ವರ್ಷ ಒಂದೇ ಪುಟ್ಟ ಸ್ಟೇಷನ್ನಿನಲ್ಲಿ ಬಾವುಟ ಬೀಸಿದವರು. ಆ ಕಟ್ಟಡವನ್ನು ಈಗ ಕೆಡವಿದ್ದಾರೆ. ಅಂದಿನಿಂದ ಅವರು ತಮ್ಮ ಮನೆಯ ಮೇಜಿನ ಮೇಲೆ ಹಳಿ ಜೋಡಿಸಿಕೊಂಡು ಆಟಿಕೆ ರೈಲು ಓಡಿಸುತ್ತಾರೆ. ನಿಲ್ಲೋಣವೆಂದರೆ ಅದಕ್ಕೊಂದು ಸ್ಟೇಷನ್ನೇ ಇಲ್ಲ. ರೈಲು ಸುಮ್ಮನೆ ಸುತ್ತುತ್ತದೆ, ಮಾವ ಸುಮ್ಮನೆ ನೋಡುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಕರುಳು ಚುರುಕ್ ಎನ್ನುತ್ತಿತ್ತು. ಆ ಸ್ಟೇಷನ್ನನ್ನು ಕಾಗದದಲ್ಲಿ ಮತ್ತೆ ಕಟ್ಟಿಕೊಡುವುದೇ ನನ್ನ ಪ್ರತಿಜ್ಞೆ.

ನಾನೇನು ಸಾಮಾನ್ಯನೇ? ಅಡುಗೆಮನೆಯ ಕಪಾಟುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವ ವೃತ್ತಿ ನನ್ನದು. ನಮ್ಮ ಕಸುಬಿನ ಗುಟ್ಟೊಂದನ್ನು ಹೇಳಿಬಿಡುತ್ತೇನೆ: ನಾವು ಎಡಗಡೆಯ ಬಾಗಿಲನ್ನು ಮಾತ್ರ ಬರೆಯುತ್ತೇವೆ. ಆಮೇಲೆ 'ಮಿರರ್' ಒತ್ತಿದರೆ ಬಲಗಡೆಯದು ತಾನಾಗಿಯೇ ಬಂದು ನಿಲ್ಲುತ್ತದೆ.

ಸ್ಟೇಷನ್ನಿನದು ಒಂದೇ ಒಂದು ಫೋಟೊ ಸಿಕ್ಕಿತು. ಅದರಲ್ಲಿ ಎಡ ಅರ್ಧ ಸ್ಪಷ್ಟ. ಬಲ ಅರ್ಧಕ್ಕೆ ಎಂಜಿನ್ ಅಡ್ಡ ನಿಂತಿತ್ತು.

"ಆ ಕಡೆ ಏನಿತ್ತು ಅಂತ ಅಪ್ಪನ್ನ ಒಂದು ಮಾತು ಕೇಳಿ," ಎಂದಳು ಹೆಂಡತಿ.

"ಕೇಳಿದ್ರೆ ಗುಟ್ಟು ರಟ್ಟಾಗುತ್ತೆ. ಈ ಕಡೆ ಇದ್ದಿದ್ದೇ ಆ ಕಡೆನೂ ಇರುತ್ತೆ ಬಿಡು."

"ಅದು ನಿಮ್ಮ ಕಪಾಟಲ್ಲ."

ಅಸೂಯೆ ಎಂದುಕೊಂಡೆ.

ಎರಡು ವಾರ, ಒಂದೊಂದೇ ಇಟ್ಟಿಗೆ ಬರೆದೆ. ಟಿಕೆಟ್ ಕಿಟಕಿಗೆ ಸರಳು, ಗಡಿಯಾರಕ್ಕೆ ಮುಳ್ಳು, ಬಾಗಿಲ ಮೇಲೆ ಅಕ್ಕಿಕಾಳಿನಷ್ಟು 'ಸ್ಟೇಷನ್ ಮಾಸ್ಟರ್' ಫಲಕ. ಮಿರರ್ ಒತ್ತಿದೆ. ದಪ್ಪ ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಅಂಟಿಸಿದೆ. ನಡುವೆ ನನ್ನ ಹೆಬ್ಬೆರಳು ಚಾವಣಿಗೆ ಅಂಟಿಕೊಂಡು, ಹೆಂಡತಿ ಬಿಸಿನೀರು ತಂದು ನನ್ನನ್ನು ಸ್ಟೇಷನ್ನಿನಿಂದ ಬಿಡಿಸಬೇಕಾಯಿತು.

ಭಾನುವಾರ ಅದನ್ನು ಮಾವನ ಹಳಿಯ ಪಕ್ಕ ಇಟ್ಟೆ. ಅವರು ಕನ್ನಡಕ ಒರೆಸಿಕೊಂಡು ಬಗ್ಗಿದರು. ಬೆರಳು ಟಿಕೆಟ್ ಕಿಟಕಿಯನ್ನು ಸವರಿತು, ಗಡಿಯಾರವನ್ನು ಸವರಿತು. ಅವರ ಕಣ್ಣು ತೇವವಾಯಿತು, ನನ್ನ ಎದೆ ಉಬ್ಬಿತು. ಆಮೇಲೆ ಬೆರಳು ಬಲಕ್ಕೆ ಸರಿಯಿತು. ಅಲ್ಲೂ ಟಿಕೆಟ್ ಕಿಟಕಿ. ಅಲ್ಲೂ ಗಡಿಯಾರ. ಅಲ್ಲೂ 'ಸ್ಟೇಷನ್ ಮಾಸ್ಟರ್' ಫಲಕ... ಅಯ್ಯೋ! ಎರಡು ವಾರ ಇಟ್ಟಿಗೆಗೆ ಮೂಗು ಹಚ್ಚಿ ಕೂತವನಿಗೆ ಇಡೀ ಕಟ್ಟಡ ಕಂಡದ್ದು ಆಗಲೇ.

"ಇದು ನನ್ನ ಕೋಣೆ," ಎಂದರು ಮಾವ. "ಆ ಕೋಣೇಲಿ ಯಾರು ಕೂತಿರ್ತಾರೆ?"

ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು. ಭುಜಗಳು ಕುಲುಕುತ್ತಿದ್ದವು. ನಾನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ನಿಮ್ಮ ಸಹಾಯಕ, ಮಾವ."

ಮಾವ ಆ ಕೋಣೆಯ ಬಾಗಿಲನ್ನೇ ನೋಡುತ್ತ ಹೇಳತೊಡಗಿದರು. ಒಬ್ಬ ಸಹಾಯಕನನ್ನು ಕೊಡಿ ಎಂದು ಮೂವತ್ತೊಂದು ವರ್ಷವೂ ಮೇಲಿನವರಿಗೆ ಬರೆಯುತ್ತಲೇ ಇದ್ದರಂತೆ. ಮಗಳು ಹುಟ್ಟಿದ ದಿನವೂ ಬಾವುಟ ಬಿಟ್ಟು ಹೊರಡಲಾಗಲಿಲ್ಲವಂತೆ. ಅದನ್ನು ಕೇಳಿ ಹೆಂಡತಿಯ ನಗು ನಿಂತಿತು.

ತಪ್ಪಾಗಿದೆ, ಬೇರೆ ಬರೆದುಕೊಡುತ್ತೇನೆ ಎಂದೆ. ಬೇಡವೇ ಬೇಡ ಎಂದರು. ಭೇಷ್ ಎಂದರು, ಅದೂ ಎರಡು ಸಲ! ನಾನು ನೆಲದಿಂದ ಒಂದು ಗೇಣು ಮೇಲೆದ್ದೆ.

ಆಗ ಮಾವ ಬೀರುವಿನಿಂದ ಹಳೆಯ ಹಾಜರಿ ಪುಸ್ತಕವನ್ನು ಹೊರತೆಗೆದರು. "ಸಹಾಯಕ ಅಂದ್ಮೇಲೆ ಕೆಲಸಕ್ಕೆ ಬರ್ಬೇಕಲ್ಲ. ಪ್ರತಿ ಭಾನುವಾರ, ಎಂಟಕ್ಕೆ ಸರಿಯಾಗಿ."

ನಾಲ್ಕು ಭಾನುವಾರದಿಂದ ಬಾವುಟ ಬೀಸುವವನು ನಾನು. ಮಾವ ಮಗಳ ಜೊತೆ ಕೂತು ನಿಧಾನವಾಗಿ ಕಾಫಿ ಕುಡಿಯುತ್ತಾರೆ. ಮೊನ್ನೆ ಆರು ನಿಮಿಷ ತಡವಾಗಿ ಹೋದೆ. ಪುಸ್ತಕದಲ್ಲಿ ಕೆಂಪು ಶಾಯಿಯ ಸಾಲೊಂದು ಕಾದಿತ್ತು: "ಸಹಾಯಕನಿಂದ ಪ್ರಯೋಜನವಿಲ್ಲ. ಬದಲಿ ಕೊಡುವಂತೆ ಮೇಲಿನವರಿಗೆ ಬರೆಯಲಾಗಿದೆ."

ಪತ್ರ ಈಗ ನನ್ನ ಹೆಂಡತಿಯ ಬಳಿ ಪರಿಶೀಲನೆಯಲ್ಲಿದೆ.